ಅರವತ್ತು ವೋಲ್ಟ್ ಎಲ್ಲಿ ಹೋಯಿತು

ಮಾವಶಿ,

ಮೊದಲು ನಮ್ಮಿಬ್ಬರ ಜಗಳ ಮುಗಿಸೋಣ. ತೆಲಸಂಗಕ್ಕೆ ಹೋಗಬೇಡ ಎಂದು ನೀನು ಖಡಾಖಂಡಿತವಾಗಿ ಹೇಳಿದ್ದೆ. ನಾನು ಹೋದೆ. ಒಮ್ಮೆ ಅಲ್ಲ, ಇದುವರೆಗೆ ನಾಲ್ಕು ಸಲ. ನಿನ್ನ ವೋಲ್ಟ್ ಮೀಟರನ್ನೂ, ವೈರನ್ನು ಇಕ್ಕಳದಂತೆ ಹಿಡಿದು ಆಂಪಿಯರ್ ತೋರಿಸುವ ನಿನ್ನ ಟಾಂಗ್ ಟೆಸ್ಟರನ್ನೂ ನಿನ್ನದೇ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ನಿನ್ನನ್ನು ಕೇಳದೆ ಹೋದೆ. ಕೇಳಲು ನೀನು ಇರಲಿಲ್ಲ ಎಂದು ನೆಪ ಹೇಳುವುದಿಲ್ಲ. ಇದ್ದಿದ್ದರೂ ಕೇಳುತ್ತಿರಲಿಲ್ಲ.

ನೀನು ತೀರಿಕೊಂಡ ವಾರ ಮನೆಗೆ ಬಂದವರೆಲ್ಲ ನಿನ್ನ ಅಕ್ಕನ, ಅಂದರೆ ನಮ್ಮವ್ವನ ಮುಂದೆ ಒಂದೇ ಮಾತು ಆಡಿದರು. ಪುಣ್ಯವಂತೆ, ಶಾಂತವಾಗಿ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ, ಎಂದಿನಂತೆ ಬಾಯಿ ತೆರೆಯಲಿಲ್ಲ. ಈಗ ಬರೆಯುತ್ತೇನೆ. ನೀನು ಶಾಂತವಾಗಿ ಹೋಗಲಿಲ್ಲ. ಕಾಮಾಲೆ ನಿನ್ನನ್ನು ಎರಡು ತಿಂಗಳು ಹಿಂಡಿತು. ಅದಕ್ಕೂ ಮೊದಲು, ನಮ್ಮ ಹಾರೂಗೇರಿಯ ಸಂತೆಯ ದಿನ ತೆಲಸಂಗದ ಅಣ್ಣಾಸಾಬ ನಾಲ್ಕು ಜನರ ಮುಂದೆ ಆಡಿದ ಮಾತು ನಿನ್ನೊಳಗೆ ಮುರಿದ ಸೂಜಿಯ ಹಾಗೆ… ನೋಡು, ಹೋಲಿಕೆ ಬಂದೇ ಬಿಟ್ಟಿತು. ನಿನಗೆ ಹೋಲಿಕೆ ಆಗುತ್ತಿರಲಿಲ್ಲ.

ನಾನು ಹತ್ತನೇ ಇಯತ್ತೆಯಲ್ಲಿದ್ದ ವರ್ಷ ನೆನಪಾಗುತ್ತದೆ. ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ಪರೀಕ್ಷೆಗೆ ಓದಲು ನಿನ್ನ ಅಂಗಡಿಗೆ ಬಂದು, ತಾಮ್ರದ ತಂತಿಯ ಖಾಲಿ ಡ್ರಮ್ಮಿನ ಮೇಲೆ ಕೂತು, ವಿದ್ಯುತ್ತು ಕಾಲುವೆಯ ನೀರಿನಂತೆ ಹರಿಯುತ್ತದೆ ಎಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ನೀನು ಬಿಚ್ಚಿದ ಮೋಟರಿನೊಳಗೆ ಹೊಸ ಸುರುಳಿ ಕೂಡಿಸುತ್ತಿದ್ದೆ. ಕಟ್ಟುವ ದಾರ ಹಲ್ಲಿನಲ್ಲಿತ್ತು. ಅದನ್ನು ಉಗಿದು ಹೇಳಿದೆ:

“ಕಾಲುವಿ ಒಡದ್ರ ನೀರ ಹೊಲಕ್ಕ ಬರ್ತೈತಿ. ವೈರ್ ಹರದ್ರ ಕರೆಂಟ್ ನೆಲಕ್ಕ ಸುರೀತೈತೇನ? ಹೋಲಿಕಿ ಬ್ಯಾಡ ನಂಗ. ಅಳತಿ ಹೇಳ.”

ಆಮೇಲೆ ನನ್ನನ್ನು ಎಬ್ಬಿಸಿ ಬೆಂಚಿನ ಹತ್ತಿರ ನಿಲ್ಲಿಸಿದೆ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ, ಅದರ ದಾರಿಯಲ್ಲಿ ಒಂದು ಹೆಡ್‌ಲೈಟಿನ ಬಲ್ಬು, ಬಲ್ಬಿನಾಚೆ ನೀನು ಆಗಷ್ಟೇ ಕಟ್ಟಿದ ಸುರುಳಿ. ಕರೆಂಟು ಬಲ್ಬನ್ನೂ ಸುರುಳಿಯನ್ನೂ ಒಂದರ ನಂತರ ಒಂದು ದಾಟಿ ಬರಬೇಕು. ಸುರುಳಿಯಲ್ಲಿ ಹೋಗುವ ಆಂಪಿಯರ್ ಎಷ್ಟು, ಸುರುಳಿಯ ಎರಡು ತುದಿಗಳ ನಡುವೆ ವೋಲ್ಟ್ ಎಷ್ಟು ಎಂದು ನನ್ನಿಂದಲೇ ಓದಿಸಿದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಓಮ್ ಲೆಕ್ಕದಲ್ಲಿ. ಎರಡನ್ನೂ ಗುಣಿಸಿದರೆ ಅಲ್ಲಿ ಕಾವಾಗಿ ಹೋಗುವ ಶಕ್ತಿ, ವ್ಯಾಟ್ ಲೆಕ್ಕದಲ್ಲಿ. ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ನಿನ್ನ ಬೆಂಚಿನ ಮೇಲೆ ಮೀಟರಿನ ಎರಡು ಮುಳ್ಳುಗಳಾಗಿ ಅಲುಗಾಡಿತು. ಸುರುಳಿಯಲ್ಲಿ ಒಂದು ಸುತ್ತು ಕಡಿಮೆಯಾದರೂ, ಒಳಗೆ ಎಲ್ಲೋ ಎರಡು ಎಳೆ ತಾಗಿಕೊಂಡರೂ ಈ ಲೆಕ್ಕ ಹೇಳಿಬಿಡುತ್ತದೆ ಎಂದು ನೀನು ಅಂದಾಗ ನನಗೆ ಪರೀಕ್ಷೆಯ ಭಯ ಹೋಯಿತು. ನಿನ್ನ ಭಯ ಶುರುವಾಯಿತು, ಅದು ಬೇರೆ.

ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಕಾಕಾನ ಹೆಸರು. ನಿನ್ನ ಗಂಡ ಮಿರಜಿನ ಕಾರ್ಖಾನೆಯಲ್ಲಿ ಮೋಟರ್ ಕಟ್ಟುವುದನ್ನು ಕಲಿತು ಬಂದವನು. ಅವನ ಪಕ್ಕದಲ್ಲಿ ಕೂತು ಸುರುಳಿಯ ಕೆಳಗೆ ಹಾಸುವ ಕಾಗದ ಕತ್ತರಿಸುತ್ತ, ಅದನ್ನು ಬಿಗಿಯುವ ಬಿದಿರಿನ ಚಕ್ಕೆ ಸೀಳುತ್ತ ನೀನು ಕಲಿತೆ. ಆಮೇಲೆ ಅವನ ಕೈ ನಡುಗತೊಡಗಿತು. ಕಟ್ಟುವ ಕೈ ಬದಲಾಯಿತು, ಬೋರ್ಡು ಬದಲಾಗಲಿಲ್ಲ. ಅವನು ಕಲಿಸಿದಂತೆ ನೀನು ಸುತ್ತುಗಳನ್ನು ಮರಾಠಿಯಲ್ಲಿ ಎಣಿಸುತ್ತಿದ್ದೆ, ನನ್ನನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ಗಿರಾಕಿ ಬಂದರೆ ಕಾಕಾ ಹೊರಗಿನ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದ. ನೀನು ಪರದೆಯ ಹಿಂದೆ. ಯಾರು ಕಟ್ಟುತ್ತಾರೆ ಎಂದು ಯಾರೂ ಕೇಳಲಿಲ್ಲ, ನೀವಿಬ್ಬರೂ ಹೇಳಲಿಲ್ಲ. ಅವನು ತೀರಿಕೊಂಡ ಮೇಲೆ ಪರದೆ ತೆಗೆಯಲೇಬೇಕಾಯಿತು. ಅಂದಿನಿಂದ ಊರಿಗೆಲ್ಲ ಅದು ಮಾವಶಿ ಅಂಗಡಿ.

ಅಥಣಿಯಲ್ಲಿ ಬಿ.ಎ. ಓದುವಾಗ ರಜೆಗೆ ಬಂದರೆ ನಾನು ಅದೇ ಡ್ರಮ್ಮಿನ ಮೇಲೆ ಕೂತು ಕಾದಂಬರಿ ಓದಿ ಹೇಳುತ್ತಿದ್ದೆ. ಎಣಿಕೆ ನಡೆದಾಗ ನೀನು ಒಂದು ಬೆರಳು ಎತ್ತಿದರೆ ನಾನು ನಿಲ್ಲಬೇಕು. ಸುರುಳಿ ಮುಗಿದರೆ ನೀನೇ, ಮುಂದ ಆಕಿಗೆ ಏನಾತು ಎಂದು ಕೇಳುತ್ತಿದ್ದೆ. ನಾಯಕಿಯ ಮುಖ ಚಂದ್ರನ ಹಾಗೆ ಇತ್ತು ಎಂದು ಓದಿದ ದಿನ, ಚಂದ್ರ ಹುಣ್ಣಿವಿದೋ ಅಷ್ಟಮಿದೋ ಎಂದು ಕೇಳಿ ನನ್ನ ಇಡೀ ಅಧ್ಯಾಯ ಹಾಳು ಮಾಡಿದೆ. ಕಾಲೇಜಿನಲ್ಲಿ ಮೂರು ವರ್ಷ ನಾನು ಎದ್ದು ನಿಂತು ಒಂದು ಪ್ರಶ್ನೆ ಕೇಳಿದವಳಲ್ಲ. ನಿನ್ನ ಅಂಗಡಿಯಲ್ಲಿ ಮಾತ್ರ ನನ್ನ ದನಿ ಗೋಡೆಗೆ ತಾಗಿ ವಾಪಸು ಬರುತ್ತಿತ್ತು.

ಅಣ್ಣಾಸಾಬನ ಮೋಟರಿನ ಮಾತು ಬರಲಿ. ತೆಲಸಂಗದ ಅವನ ಬಾವಿಯ ಮೇಲೆ ಎರಡು ಎಚ್‌ಪಿಯ ಸಿಂಗಲ್ ಫೇಸ್ ಮೋಟರು. ಮನೆಯ ನೀರಿನ ಟಾಕಿಗೆ, ದನಗಳ ಕೊಟ್ಟಿಗೆಗೆ, ಹೊಸದಾಗಿ ನೆಟ್ಟ ದ್ರಾಕ್ಷಿ ಸಸಿಗಳಿಗೆ ಅದೇ ನೀರು. ಕಾಕಾ ಇದ್ದಾಗ ನಮ್ಮಲ್ಲಿ ಕಟ್ಟಿಸಿಕೊಂಡು ಹೋಗಿದ್ದ, ನಾಲ್ಕು ವರ್ಷ ಒಂದು ಸದ್ದಿಲ್ಲದೆ ನಡೆಯಿತು. ಕಾಕಾ ಹೋದ ಮೇಲೆ, ದೀಪಾವಳಿಯ ಮುಂದೆ ಮೊದಲ ಸಲ ಸುಟ್ಟಿತು. ನೀನು ಕಟ್ಟಿಕೊಟ್ಟೆ. ಸಂಕ್ರಾಂತಿ ಕಳೆದು ಮತ್ತೆ ಸುಟ್ಟಿತು. ಕಟ್ಟಿಕೊಟ್ಟೆ. ಯುಗಾದಿಯ ಹೊತ್ತಿಗೆ ಮೂರನೆಯ ಸಲ. ಅದು ಸಂತೆಯ ದಿನ. ಮೋಟರನ್ನು ಅಂಗಡಿಯ ಮೆಟ್ಟಿಲ ಮೇಲೆ ಇಳಿಸಿ, ಬಾಳೆಹಣ್ಣಿನ ಗಾಡಿಯವನಿಗೂ ಕೇಳುವಂತೆ ಹೇಳಿದ:

“ಕಾಕಾ ಕಟ್ಟಿದ್ದ ನಾಕ ವರ್ಷ ನಡೀತು. ಹೆಣ್ಮಕ್ಕಳ ಕೈಯಾಗ ಕೊಟ್ಟ ಮ್ಯಾಲೆ ನಾಕ ತಿಂಗಳ ತಡೀವಲ್ದು.”

ನಾನು ಒಳಗಿದ್ದೆ. ನೀನು ಈಗ ಹೇಳುತ್ತೀ ಎಂದು ಕಾದೆ. ನಾಲ್ಕು ವರ್ಷ ನಡೆದದ್ದೂ ನನ್ನ ಕೈಯದೇ, ಕಾಕಾನ ಕೈಗೆ ಆಗ ಚಹಾದ ಕಪ್ಪು ನಿಲ್ಲುತ್ತಿರಲಿಲ್ಲ ಎಂದು. ನೀನು ಹೇಳಲಿಲ್ಲ. ಬೋಲ್ಟು ಬಿಚ್ಚಲು ಪಾನಾ ಹುಡುಕಿದೆ. ಸತ್ತ ಗಂಡನ ಹೆಸರು ಕಾಯುವುದು ಅಷ್ಟು ದೊಡ್ಡದಾಗಿತ್ತೇ, ನಿನ್ನ ಹೆಸರನ್ನು ಮೆಟ್ಟಿಲ ಮೇಲೆ ಬಿಟ್ಟು? ಆಮೇಲೆ ಏನಾಯಿತು ನಿನಗೇ ಗೊತ್ತು. ರಾಯಬಾಗ ರಸ್ತೆಯ ಮೋಟರುಗಳು ಒಂದೊಂದಾಗಿ ಅಥಣಿಯ ಅಂಗಡಿಗಳ ಕಡೆ ತಿರುಗಿದವು. ಬೆಂಚು ಖಾಲಿಯಾಯಿತು. ಬಾವಿಯ ಹತ್ತಿರ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದರೆ, ಬಾವಿಗೆ ಏನೂ ಆಗಿಲ್ಲ, ನಿನ್ನ ಸುರುಳಿಯ ವೈಂಡಿಂಗ್ ನೋಡಿಕೋ ಎಂದು ಉತ್ತರ ಬಂತು. ನಿನ್ನ ಕಣ್ಣು ಹಳದಿಯಾದದ್ದು ಆ ವಾರವೇ.

ಆ ಮೋಟರನ್ನು ನೀನು ಕೊನೆಯ ಸಲ ಕಟ್ಟಿದ್ದು ಬೆನ್ನಿಗೆ ದಿಂಬು ಇಟ್ಟುಕೊಂಡು. ನಾನು ಮೀಟರ್ ಹಿಡಿದಿದ್ದೆ. ಮೋಟರನ್ನು ಓಡಿಸುವ ಸುರುಳಿಯಲ್ಲಿ ಎರಡೂವರೆ ಆಂಪಿಯರ್, ತುದಿಗಳ ನಡುವೆ ಐದು ವೋಲ್ಟ್. ಎರಡು ಓಮ್. ನೀನು ನೋಟ್‌ಬುಕ್ ತೆರೆಸಿದೆ. ಕಾಕಾನ ಕಾಲದ ಮೊದಲ ಕಟ್ಟಿನಿಂದ ಹಿಡಿದು ನಾಲ್ಕು ಸಾಲು, ನಾಲ್ಕರಲ್ಲೂ ಎರಡು ಓಮ್, ನಾಲ್ಕೂ ನಿನ್ನ ಅಕ್ಷರ. ತಪ್ಪು ಇಲ್ಲಿ ಇಲ್ಲ ಎಂದಾದರೆ ಬಾವಿಯಲ್ಲಿ ಇದೆ, ನಾನು ಹೋಗಿ ಅಳೆದು ಬರುತ್ತೇನೆ ಎಂದೆ. ಆಗ ನೀನು ನನ್ನ ಮುಖ ನೋಡಲಿಲ್ಲ.

“ಹೋಗಬ್ಯಾಡ ಅಂದ್ರ ಹೋಗಬ್ಯಾಡ. ಅಲ್ಲೇನ ಐತಿ ನಿಂದು?”

ಬಾಯಿಲ್ಲದ ಹುಡುಗಿ, ಗಂಡಸರ ನಡುವೆ ನಿಂತು ಅವಮಾನವಾದೀತು ಎಂದು ಹೆದರಿದ್ದೀ ಅಂದುಕೊಂಡೆ. ಹಾಗೆಯೇ ಅಂದುಕೊಂಡಿದ್ದೆ, ಆಗ.

ನೀನು ಹೋದ ಮೂರನೆಯ ದಿನ ಅಣ್ಣಾಸಾಬ ಮಾತಾಡಿಸಲು ಬಂದ. ಪಡಸಾಲೆಯಲ್ಲಿ ಹತ್ತು ಜನರಿದ್ದರು. ಅವನು ಸಿಟ್ಟಿನ ಮಾತಾಡಿದ್ದರೆ ನಾನು ಬಾಗಿಲ ಮರೆಯಲ್ಲೇ ಇರುತ್ತಿದ್ದೆನೋ ಏನೋ. ಅವನು ಕನಿಕರದ ಮಾತಾಡಿದ. ಪಾಪ, ಮೂರು ಸಲ ಪ್ರಯತ್ನ ಮಾಡಿದಳು, ಆಗಲಿಲ್ಲ, ಇನ್ನು ಆ ಮೋಟರನ್ನು ಗುಜರಿಗೆ ಹಾಕಿಬಿಡಿ ಎಂದು ಅವ್ವನಿಗೆ ಹೇಳಿದ. ಎಲ್ಲರೂ ತಲೆಯಾಡಿಸಿದರು. ಹಾಗಾದರೆ ನಿನ್ನ ಇಪ್ಪತ್ತು ವರ್ಷದ ಕೆಲಸ ಇಷ್ಟೇ, ಹತ್ತು ತಲೆ ಆಡಿದರೆ ಮುಗಿಯಿತು? ನನ್ನ ಕಾಲುಗಳು ತಾವಾಗಿ ಪಡಸಾಲೆಗೆ ಬಂದವು. “ಗುಜರಿಗೆ ಹಾಕಂಗಿಲ್ರಿ,” ಎಂದೆ. “ಮೋಟರ್ ನಾ ತರ್ತೀನಿ. ನಾನ ಅಳದು ತೋರಸ್ತೀನಿ.” ಅವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಅಣ್ಣಾಸಾಬ ನಕ್ಕು, ಬಾ ತಂಗಿ, ಬಾವಿ ಎಲ್ಲೂ ಓಡಿ ಹೋಗುವುದಿಲ್ಲ ಎಂದ.

ಬಸ್ಸಿನಲ್ಲಿ ಹೋದ ಕಥೆ ನಿನಗೆ ಇಷ್ಟವಾಗುತ್ತಿತ್ತು. ಹಾರೂಗೇರಿಯಿಂದ ಅಥಣಿ, ಅಲ್ಲಿಂದ ತೆಲಸಂಗ. ಗೋಣಿಚೀಲದಲ್ಲಿ ಸುತ್ತಿದ ಮೋಟರನ್ನು ಎತ್ತಲು ಬಂದ ಕಂಡಕ್ಟರ್, ಇದೇನವಾ ಇಷ್ಟ ವಜ್ಜಾ, ತವರುಮನೆಯವರು ಬೀಸುಕಲ್ಲು ಕೊಟ್ಟು ಕಳಿಸಿದರೋ ಎಂದು ಕೇಳಿದ. ಮೋಟರು ಎಂದೆ. ಹುಡುಗಿಯ ಜೊತೆ ಮೋಟರು ಹೋಗುವುದನ್ನು ಇದೇ ಮೊದಲು ನೋಡಿದ್ದು ಎಂದು ಇಡೀ ಬಸ್ಸಿಗೆ ಸಾರಿದ. ಕಬ್ಬಿನ ಹಸಿರು ಅಥಣಿಯ ಆಚೆ ತೆಳುವಾಗಿ, ಜೋಳದ ಕೂಳೆಯ ಕಪ್ಪು ಹೊಲಗಳು ಶುರುವಾದವು. ನಾನು ಕಿಟಕಿಯಾಚೆ ನೋಡುತ್ತ ಅಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಇಪ್ಪತ್ತು ಸಲ ಆಡಿದೆ. ಬಸ್ಸಿನಿಂದ ಇಳಿದಾಗ ಒಂದೂ ನೆನಪಿರಲಿಲ್ಲ.

ಮೋಟರ್ ಕೂಡಿಸುವಷ್ಟರಲ್ಲಿ ಅಕ್ಕಪಕ್ಕದ ಹೊಲದ ಏಳೆಂಟು ಜನ ಬಂದು ನಿಂತರು. ಅಣ್ಣಾಸಾಬನ ಮುದಿ ತಾಯಿ ಬಾವಿಯ ಹತ್ತಿರದ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದಳು. ಮನೆಯ ಗೋಡೆಯ ಮೀಟರ್ ಬೋರ್ಡಿನಿಂದ ಬಾವಿಗೆ ಇನ್ನೂರು ಹೆಜ್ಜೆ. ವೈರು ಯಾವ ದಾರಿಯಲ್ಲಿ ಬಂದಿದೆ ಎಂದು ತಲೆಯೆತ್ತಿ ನೋಡುತ್ತ ನಡೆದೆ. ಜಾಲಿಯ ಗೂಟಗಳ ಮೇಲೆ, ಪಿಂಗಾಣಿಯ ಚಿನ್ನಿ ಕಪ್ಪುಗಳಿಗೆ ಸುತ್ತಿ, ಎರಡು ಬೂದು ಬಣ್ಣದ ತಂತಿಗಳು. ತಾಮ್ರ ಅಲ್ಲ. ಅಲ್ಯುಮಿನಿಯಂ ಕೂಡ ಅಲ್ಲ. ಬೇಲಿ ತಂತಿ, ಮಾವಶಿ. ದ್ರಾಕ್ಷಿಯ ಚಪ್ಪರಕ್ಕೆ, ಹೊಲದ ಬೇಲಿಗೆ ಎಳೆಯುವ ಕಬ್ಬಿಣದ ತಂತಿ.

ಇದು ಯಾಕೆ ಎಂದು ಕೇಳಿದರೆ ಅಣ್ಣಾಸಾಬ ಹೆಮ್ಮೆಯಿಂದ ಹೇಳಿದ. ತಾಮ್ರದ ವೈರು ಒಂದು ಸಲ ಕಳುವಾಯಿತು, ಅಲ್ಯುಮಿನಿಯಂ ಎರಡು ಸಲ. ಇದು ತೂಗಾಡುತ್ತಿರುವುದು ಒಂದು ವರ್ಷದಿಂದ, ಕಳ್ಳ ಕಣ್ಣೆತ್ತಿ ನೋಡಿಲ್ಲ. ಸುತ್ತಲಿನವರೂ ಹೌದೆಂದರು. ಅವರಲ್ಲಿ ಕೆಲವರು ತಮ್ಮ ಬಾವಿಗೂ ಇದನ್ನೇ ಎಳೆದುಕೊಂಡಿದ್ದರು.

ಮೋಟರ್ ಚಾಲೂ ಮಾಡಿಸಿದೆ. ಮನೆಯ ಬೋರ್ಡಿನಲ್ಲಿ ನಾನು ಓದಲಿಲ್ಲ, ಅಣ್ಣಾಸಾಬನಿಂದಲೇ ಓದಿಸಿದೆ. ಇನ್ನೂರ ಹನ್ನೆರಡು ವೋಲ್ಟ್. ಬಾವಿಯ ಹತ್ತಿರವೂ ಅವನಿಂದಲೇ. ನೂರ ಐವತ್ತೆರಡು. ಮೀಟರ್ ಕೆಟ್ಟಿದೆ ಎಂದ. ಮತ್ತೆ ಮನೆಗೆ ಹೋಗಿ ಓದಿ ಬಂದ. ಕೆಟ್ಟಿರಲಿಲ್ಲ. ತಂತಿಗೆ ಟಾಂಗ್ ಟೆಸ್ಟರ್ ಹಿಡಿದೆ. ಹದಿನೈದು ಆಂಪಿಯರ್. ಮೋಟರಿನ ತಗಡಿನ ಮೇಲೆ ಬರೆದಿರುವುದು ಹತ್ತು. ಹೊರಸಿನ ಮೇಲಿನ ಮುದುಕಿ ಕೇಳಿದಳು:

“ಮನ್ಯಾಗ ಇನ್ನೂರಾ ಹನ್ನೆರಡ, ಬಾವ್ಯಾಗ ನೂರಾ ಐವತ್ತೆರಡ. ನಡುವಿನ ಅರವತ್ತ ಎಲ್ಲಿ ಹೋತ?”

ನನ್ನ ಇಡೀ ಕಾಲೇಜಿನಲ್ಲಿ ಅಂಥ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇದ್ದಿಲು ತೆಗೆದುಕೊಂಡು ಬಾವಿಯ ಕಟ್ಟೆಯ ಗಿಲಾವಿನ ಮೇಲೆ ಬರೆದೆ. ಅಕ್ಷರ ವಕ್ರವಾಯಿತು, ಲೆಕ್ಕ ವಕ್ರವಾಗಲಿಲ್ಲ. ಅರವತ್ತು ವೋಲ್ಟ್ ಭಾಗಿಸು ಹದಿನೈದು ಆಂಪಿಯರ್, ನಾಲ್ಕು ಓಮ್. ಅದು ಈ ಬೇಲಿ ತಂತಿಯ ರೋಧ. ಅರವತ್ತು ಗುಣಿಸು ಹದಿನೈದು, ಒಂಬೈನೂರು ವ್ಯಾಟ್. ಅದು ನೀರು ಎತ್ತದೆ, ದೀಪ ಹಚ್ಚದೆ, ಗೂಟದಿಂದ ಗೂಟಕ್ಕೆ ಸುಮ್ಮನೆ ಕಾವಾಗಿ ಹೋಗುವ ಶಕ್ತಿ. ಇಲ್ಲಿಗೆ ಬರುವ ವೋಲ್ಟ್ ಕಡಿಮೆಯಾದ್ದರಿಂದ ಮೋಟರು ಅದೇ ನೀರೆತ್ತಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ಮಾವಶಿ ಕಟ್ಟಿದ ಸುರುಳಿ ಎರಡು ಓಮ್. ಅದರಲ್ಲಿ ಹತ್ತು ಆಂಪಿಯರ್ ಹೋದರೆ ಇಪ್ಪತ್ತು ವೋಲ್ಟ್ ಸುರುಳಿಯಲ್ಲೇ ಖರ್ಚು. ಇಪ್ಪತ್ತನ್ನು ಹತ್ತರಿಂದ ಗುಣಿಸಿದರೆ ಒಳಗೆ ಇನ್ನೂರು ವ್ಯಾಟಿನ ಕಾವು. ಹದಿನೈದು ಹೋದರೆ ಮೂವತ್ತು ವೋಲ್ಟ್ ಖರ್ಚು. ಮೂವತ್ತು ಹದಿನೈದಲೆ ನಾನೂರ ಐವತ್ತು. ಎರಡು ಪಟ್ಟಿಗಿಂತ ಹೆಚ್ಚು. ಯಾರೇ ಕಟ್ಟಿರಲಿ, ಗಂಡಸು ಕಟ್ಟಿರಲಿ ಹೆಂಗಸು ಕಟ್ಟಿರಲಿ, ತಂತಿಯ ಮೇಲಿನ ಲೇಪ ಸುಟ್ಟೇ ಸುಡುತ್ತದೆ.

ಕಟ್ಟಿದ ಕೈ ಯಾರದೆಂದು ಹೊರಗೆ ಹೇಳಬಾರದು ಎಂಬ ನಿನ್ನ ಎರಡನೆಯ ಅಪ್ಪಣೆಯನ್ನೂ ಅಲ್ಲೇ ಮೀರಿದೆ. ನೋಟ್‌ಬುಕ್ ತೆರೆದು ಮೊದಲ ಸಾಲು ತೋರಿಸಿದೆ. ನಾಲ್ಕು ವರ್ಷ ನಡೆಯಿತು ಎಂದು ನೀವು ಹೊಗಳುವ ಆ ಕಟ್ಟೂ ಕಾಕಾನದಲ್ಲ, ಈ ಅಕ್ಷರ ನೋಡಿ, ಕೈಯೂ ಇವಳದೇ ಎಂದೆ. ಆಗ ಇಲ್ಲಿ ತಾಮ್ರದ ವೈರಿತ್ತು, ಅಷ್ಟೇ ವ್ಯತ್ಯಾಸ. ಸಿಟ್ಟಾಗು ಬೇಕಾದರೆ. ಕಾಕಾನ ಮೇಲೆ ನನಗೂ ಪ್ರೀತಿ ಇತ್ತು. ಅವನು ಇದ್ದಿದ್ದರೆ ತಾನೇ ಹೇಳುತ್ತಿದ್ದ.

ನಂಬದವರಿಗಾಗಿ ಬೋರ್ಡಿನ ಫ್ಯೂಜ್ ಕೀಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಕೊಂಡು, ಬೇಲಿ ತಂತಿಗೆ ಮೋಟರಿನ ವೈರು ಹೆಣೆದಿದ್ದ ಗಂಟನ್ನು ಮುಟ್ಟಲು ಅಣ್ಣಾಸಾಬನಿಗೆ ಹೇಳಿದೆ. ಮುಟ್ಟಿದವನು ಕೈ ಹಿಂದಕ್ಕೆಳೆದು ಬೆರಳನ್ನು ಬಾಯಲ್ಲಿಟ್ಟುಕೊಂಡ. ಒಬ್ಬಿಬ್ಬರು ನಕ್ಕರು. ಗೆದ್ದೆ ಅಂದುಕೊಂಡೆ, ಮಾವಶಿ. ನಿನಗೆ ಅಲ್ಲಿಂದಲೇ ಕೂಗಿ ಹೇಳಬೇಕೆನಿಸಿತು.

ಅಣ್ಣಾಸಾಬ ಬೆರಳು ತೆಗೆದು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

“ಲೆಕ್ಕಾ ಖರೆ ಇರಬೇಕ ತಂಗಿ. ಆದ್ರ ಈ ತಂತಿ ಕಟ್ಟ ಅಂತ ಹೇಳಿದಾಕಿ ಯಾರ, ಗೊತ್ತೈತೇನ? ನಿಮ್ಮ ಮಾವಶೀನ.”

ನನಗೆ ಗೊತ್ತಿತ್ತು. ಅವನು ಹೇಳುವ ತನಕ ಗೊತ್ತಿರಲಿಲ್ಲ, ಹೇಳಿದ ಕ್ಷಣ ಎಲ್ಲ ಎದುರಿಗೆ ಬಂತು. ಹಿಂದಿನ ಬೇಸಿಗೆ, ವೈರು ಮೂರನೆಯ ಸಲ ಕಳುವಾದ ಸಿಟ್ಟಿನಲ್ಲಿ ಅವನು ಅಂಗಡಿಗೆ ಬಂದಿದ್ದ. ಏನು ಕಟ್ಟಿದರೂ ಒಯ್ಯುತ್ತಾರೆ ಎಂದು ತಲೆ ಚಚ್ಚಿಕೊಂಡ. ನೀನು ವಾರ್ನಿಶ್ ಹಚ್ಚುತ್ತಿದ್ದೆ. ತಲೆಯೆತ್ತದೆ, “ಬೇಲಿ ತಂತಿ ಕಟ್ರಿ, ಅದನ್ಯಾವ ಒಯ್ತಾನ,” ಎಂದೆ. ಅದು ತಮಾಷೆ. ನನಗೆ ಗೊತ್ತು ಅದು ತಮಾಷೆ, ಯಾಕೆಂದರೆ ನಾನು ಡ್ರಮ್ಮಿನ ಮೇಲೆ ಕೂತು ನಕ್ಕಿದ್ದೆ. ಅವನು ನಗಲಿಲ್ಲ. ಹೌದಲ್ಲ ಎಂದುಕೊಂಡು ಹೊರಟುಹೋದ. ನೀನು ಅವನನ್ನು ವಾಪಸು ಕರೆಯಲಿಲ್ಲ. ನಾನೂ ಕರೆಯಲಿಲ್ಲ, ಪುಟ ತಿರುವಿದೆ.

ಈಗ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಇಲ್ಲ ಎನ್ನಬಹುದಿತ್ತು. ಸಾಕ್ಷಿ ಇದ್ದದ್ದು ನಾನೊಬ್ಬಳೇ. ಸತ್ತವಳ ಮೇಲೆ ತಪ್ಪು ಹೊರಿಸಬೇಡಿ ಎಂದು ಕಣ್ಣೀರು ಹಾಕಿದ್ದರೆ ಅವನೇ ಸೋಲುತ್ತಿದ್ದ, ನೀನು ಪೂರ್ತಿ ಗೆದ್ದು ಮನೆಗೆ ಬರುತ್ತಿದ್ದೆ. ಆದರೆ ಐದು ನಿಮಿಷದ ಹಿಂದೆ ಅವನಿಂದ ಮೀಟರ್ ಓದಿಸಿದವಳು ನಾನೇ. ಮುಳ್ಳು ತೋರಿಸಿದ್ದನ್ನು ಒಪ್ಪಿಕೋ ಎಂದು ಅವನಿಗೆ ಹೇಳಿ, ನಾನು…

“ಹೌದ್ರಿ, ಹೇಳ್ಯಾಳ,” ಎಂದೆ. “ನಾನೂ ಅಲ್ಲೇ ಇದ್ದೆ. ಚ್ಯಾಷ್ಟಿಗೆ ಹೇಳಿದ್ಲು. ಆದ್ರ ಹೇಳಿದ್ದ ಖರೆ.”

ನನ್ನ ದನಿ ಒಡೆಯಲಿಲ್ಲ. ಅದಕ್ಕೆ ನನಗೇ ಆಶ್ಚರ್ಯ. ಅಣ್ಣಾಸಾಬ ಏನೋ ಹೇಳಲು ಬಾಯಿ ತೆರೆದ, ಅವನ ತಾಯಿ ಹೊರಸಿನಿಂದಲೇ ತಡೆದಳು. “ಕಟ್ಟ ಅಂದಾಕಿ ಆಕಿ. ಅಳೀಲಾರದ ಕಟ್ಟಿದಾವ ನೀ. ಆಕಿ ತಪ್ಪ ಈ ಹುಡುಗಿ ಒಪ್ಪಿದ್ಲು. ನಿಂದ ನೀ ಒಪ್ಪ ಮತ್ತ.” ಅವನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ನನಗೆ ಚಹಾ ತರಿಸಿದ.

ವಾಪಸು ಬರುವ ಬಸ್ಸಿನಲ್ಲಿ ನಿನ್ನ ಜೊತೆ ಜಗಳ ಶುರುವಾಯಿತು, ಇನ್ನೂ ನಡೆದಿದೆ. ನಿನಗೆ ನೆನಪಿತ್ತೇ? ಅದಕ್ಕೇ ಹೋಗಬೇಡ ಎಂದೆಯಾ? ಮೂರು ಸಲ ಒಂದೇ ಮೋಟರು ಸುಟ್ಟು ಬಂದಾಗ, ಮೂರನೆಯ ಸಲಕ್ಕಾದರೂ ನಿನಗೆ ಹೊಳೆದಿರಬೇಕು. ಬಾವಿ ನೋಡುತ್ತೇನೆ ಎಂದು ಹೇಳಿ ಕಳಿಸಿದ್ದು ಅದಕ್ಕೇನೇ? ಹಾಗಾದರೆ ನನಗೆ ಒಂದು ಮಾತು… ಅಥವಾ ನಿನಗೆ ನಿಜವಾಗಿ ಏನೂ ನೆನಪಿರಲಿಲ್ಲವೇ, ದಿನಕ್ಕೆ ನೂರು ಮಾತಾಡುವವಳಿಗೆ ಅದೊಂದು ಮಾತು ವಾರ್ನಿಶಿನ ವಾಸನೆಯ ಜೊತೆ ಹಾರಿಹೋಗಿತ್ತೇ? ಇದಕ್ಕೆ ಮೀಟರ್ ಇಲ್ಲ. ನೀನು ಹೇಳುವುದಿಲ್ಲ. ನಾನು ನಿನ್ನ ಪರವಾಗಿ ಸುಲಭದ ಉತ್ತರ ಆರಿಸಿಕೊಳ್ಳುವುದಿಲ್ಲ.

ಹೋದವರ ತಪ್ಪು ಎತ್ತಬಾರದು ಎಂದು ಅವ್ವ ಬೈದಳು. ಊರೆಲ್ಲ ನಿನ್ನ ವೈಂಡಿಂಗ್ ತಪ್ಪು ಎನ್ನುವಾಗ ಈ ನಿಯಮ ಎಲ್ಲಿತ್ತು ಎಂದು ಕೇಳಿದೆ. ನೋಟ್‌ಬುಕ್ಕಿನ ನಾಲ್ಕು ಸಾಲುಗಳ ಕೆಳಗೆ ನಾನು ಐದನೆಯದು ಬರೆದಿದ್ದೇನೆ. ಸುರುಳಿ ಎರಡು ಓಮ್, ಸರಿ. ಬೇಲಿ ತಂತಿ ನಾಲ್ಕು ಓಮ್, ಹೇಳಿದ್ದು ಮಾವಶಿ, ಕೇಳಿಯೂ ಸುಮ್ಮನಿದ್ದದ್ದು ನಾನು. ನಿನ್ನನ್ನು ಪುಣ್ಯವಂತೆ ಮಾಡಿ ಗೋಡೆಗೆ ತೂಗುಹಾಕಲು ನನಗೆ ಇಷ್ಟವಿಲ್ಲ. ನೀನು ಚಲೋ ಕಟ್ಟುತ್ತಿದ್ದೆ. ಒಂದು ದಿನ ತಪ್ಪು ಮಾತಾಡಿದೆ. ಎರಡೂ ನಿನ್ನವೇ, ಒಂದನ್ನೂ ಬಿಟ್ಟುಕೊಡುವುದಿಲ್ಲ.

ನಿನಗೆ ತಲುಪದ ಸುದ್ದಿಗಳು ಇವು. ಅಣ್ಣಾಸಾಬ ಬೇಲಿ ತಂತಿ ಬಿಚ್ಚಿ, ದಪ್ಪ ಅಲ್ಯುಮಿನಿಯಂ ಕೇಬಲನ್ನು ಪೈಪಿನಲ್ಲಿ ಹಾಕಿ ನೆಲದಡಿ ಹೂಳಿಸಿದ. ಕಳ್ಳನಿಗೆ ಅಗೆಯುವ ಉಮೇದಿ ಇದ್ದರೆ ಅಗೆಯಲಿ ಎಂದ. ಈಗ ಬಾವಿಯಲ್ಲಿ ಇನ್ನೂರರ ಮೇಲೆ ವೋಲ್ಟ್ ಇದೆ, ಮೋಟರು ಹತ್ತೇ ಆಂಪಿಯರ್ ಎಳೆಯುತ್ತದೆ. ನೀನು ದಿಂಬಿಗೆ ಒರಗಿ ಕಟ್ಟಿದ ಸುರುಳಿ ಆರು ತಿಂಗಳಿಂದ ತಣ್ಣಗೆ ನಡೆದಿದೆ. ಅವನು ನನ್ನಲ್ಲಿ ತಪ್ಪಾಯಿತು ಎನ್ನಲಿಲ್ಲ. ಆದರೆ ಕಳೆದ ಸಂತೆಯಲ್ಲಿ, ಅದೇ ಮೆಟ್ಟಿಲ ಮುಂದೆ ನಿಂತು, ಅದೇ ದನಿಯಲ್ಲಿ, ಮಾವಶಿ ವೈಂಡಿಂಗ್ ಪಕ್ಕಾ ಇತ್ತು, ಮಾತು ಒಂದು ಹಗುರ ಇತ್ತು ಎಂದ. ನಾನು ಒಳಗಿನಿಂದ ಕೇಳಿದೆ. ಆ ವಾಕ್ಯದಲ್ಲಿ ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಅಂಗಡಿ ಮುಚ್ಚಿಲ್ಲ. ಬಿ.ಎಡ್. ಅರ್ಜಿ ಅವ್ವನ ಪೆಟ್ಟಿಗೆಯಲ್ಲಿದೆ, ನಾನು ಬೆಂಚಿನ ಹತ್ತಿರ ಇದ್ದೇನೆ. ಸುತ್ತುಗಳನ್ನು ಕನ್ನಡದಲ್ಲೇ ಎಣಿಸುತ್ತೇನೆ, ನಿನಗೆ ಆಗದಿದ್ದರೂ.

ಕೆಟ್ಟ ಸುದ್ದಿಯೂ ಇದೆ. ನಿನ್ನ ತಮಾಷೆ ಒಂದು ಬಾವಿಗೆ ನಿಲ್ಲಲಿಲ್ಲ. ಮಾವಶಿ ಹೇಳಿದ ಉಪಾಯ ಎಂದು ಅಣ್ಣಾಸಾಬನಿಂದ ಕೇಳಿ ಬೇಲಿ ತಂತಿ ಎಳೆದವರು ತೆಲಸಂಗದ ಸುತ್ತ ಇನ್ನೂ ಐವರಿದ್ದಾರೆ. ಮೂರು ಬಾವಿಗಳಿಗೆ ಹೋಗಿ ಅಳೆದು ತೋರಿಸಿ ಬಂದೆ. ಇಬ್ಬರು ತಂತಿ ಬದಲಿಸಿದರು, ಒಬ್ಬ ವಿಚಾರ ಮಾಡುತ್ತೇನೆ ಎಂದ. ನಾಳೆ ಬೆಳಗಿನ ಬಸ್ಸಿಗೆ ನಾಲ್ಕನೆಯವನ ಹತ್ತಿರ ಹೋಗುತ್ತೇನೆ. ಅವನು ಈಗಾಗಲೇ ಹೇಳಿ ಕಳಿಸಿದ್ದಾನೆ: ದೊಡ್ಡಾಕಿ ಹೇಳಿದ್ದನ್ನು ಸಣ್ಣಾಕಿ ಬಂದು ಸುಳ್ಳು ಮಾಡುವುದೇನು, ನಿಮ್ಮ ಮಾವಶಿ ಹೇಳಿದ್ದು ಹೌದೋ ಅಲ್ಲವೋ ಮೊದಲು ಹೇಳಲಿ.

ಹೌದು ಎನ್ನುತ್ತೇನೆ. ಆಮೇಲೆ ಅವನ ಕೈಗೆ ಮೀಟರ್ ಕೊಡುತ್ತೇನೆ.

ನಿನ್ನ
ಸುಜಾತಾ